ಹೈಬರ್‌ಫಿಲ್ ಇರಲಿ ಬಿಡಿ

ಜುಲೈ 24, 2025, ಗುರುವಾರ
ಸೋಮವಾರಪೇಟೆ

ಚಿಕ್ಕಪ್ಪನ ತೋಟದ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಕೆಂಪಾಗಿದೆ. ತೋಟದ ಲೆಕ್ಕ ಬರೆಯುವ ರೈಟರು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪಟ್ಟಿ, ಸೇವ್ ಮಾಡಲು ಹೋದರೆ ಜಾಗ ಇಲ್ಲ ಎನ್ನುತ್ತದಂತೆ. “ಫೋಟೋ ಎಲ್ಲಾ ತೆಗೆದಾಯ್ತು ಮಗಾ, ಆದ್ರೂ ತುಂಬೇ ಇದೆ” ಎಂದರು ಚಿಕ್ಕಪ್ಪ.

ಅದರದ್ದು 128 ಜಿಬಿಯ ಎಸ್‌ಎಸ್‌ಡಿ ಡಿಸ್ಕ್. ವಿಂಡೋಸ್ ಅದನ್ನು 119 ಎಂದು ತೋರಿಸುತ್ತದೆ. ಉಳಿದದ್ದು ಎಲ್ಲಿಗೂ ಹೋಗಿಲ್ಲ. ಡಿಸ್ಕ್ ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರದ್ದು. ಅಷ್ಟೇ.

ದೊಡ್ಡ ಗಂಟು ಸಿಕ್ಕಿದ್ದು ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಿನಲ್ಲಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತಲ್ವಾ, ಹಾಗಾಗಿ ಮೊನ್ನೆ 11ಕ್ಕೆ ಏರಿಸಿದ್ದರು. ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಲಿ ಎಂದು ಹೊಸ ವಿಂಡೋಸ್ ಹಳೆಯದನ್ನು ಈ ಫೋಲ್ಡರಿನಲ್ಲಿ 10 ದಿನ ಇಟ್ಟುಕೊಂಡಿರುತ್ತದೆ, ಆಮೇಲೆ ತಾನೇ ಅಳಿಸುತ್ತದೆ. ಪ್ರಿಂಟರ್, ಲೆಕ್ಕಪತ್ರದ ಟ್ಯಾಲಿ ಎರಡೂ ಸರಿಯಾಗಿ ಓಡುತ್ತಿದ್ದವು. ಕಾಯುವುದು ಯಾಕೆ? ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಅಲ್ಲಿಂದಲೇ ತೆಗೆದೆ. 20 ಜಿಬಿಗೂ ಜಾಸ್ತಿ ಬಿಡುವಾಯಿತು. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ಅದಕ್ಕೆ ಟಿಕ್ ಹಾಕಬಾರದು. ರೈಟರ ಪಹಣಿ ಪಿಡಿಎಫ್‌ಗಳೆಲ್ಲ ಇರುವುದು ಅಲ್ಲೇ.

ಅಷ್ಟರಲ್ಲಿ ಮೈಸೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. “ಅಣ್ಣಾ, ಹೈಬರ್‌ಫಿಲ್ ಡಾಟ್ ಸಿಸ್ ಸುಮ್ನೆ ಜಾಗ ತಿಂತಿದೆ. ಹೈಬರ್ನೇಟ್ ಆಫ್ ಮಾಡಿಬಿಡು.”

ಒಂದೇ ಕಮಾಂಡಿನ ಕೆಲಸ ನಿಜ. ಎಲ್ಲರೂ ಕೊಡುವ ಸಲಹೆಯೂ ಹೌದು. ಆದರೆ ಅದು ಕರೆಂಟ್ ಹೋಗದ ಊರಿನವರ ಸಲಹೆ. ಲ್ಯಾಪ್‌ಟಾಪ್ ಹೈಬರ್ನೇಟ್ ಆಗುವಾಗ ಅದರ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿ ಇರುವುದನ್ನೆಲ್ಲ ಡಿಸ್ಕಿನ ಈ ಫೈಲಿಗೆ ಬರೆದು ಪೂರ್ತಿ ಆರಿಹೋಗುತ್ತದೆ. ಬರೀ ಸ್ಲೀಪ್ ಆದರೆ ರ‍್ಯಾಮಿಗೆ ಕರೆಂಟ್ ಬೇಕೇ ಬೇಕು. ಬ್ಯಾಟರಿ ಸತ್ತರೆ ಸೇವ್ ಆಗದ್ದೆಲ್ಲ ಹೋಯಿತು. ಬ್ಯಾಟರಿ ತೀರಾ ಇಳಿದಾಗ ವಿಂಡೋಸ್ ಸಾಮಾನ್ಯವಾಗಿ ತಾನೇ ಹೈಬರ್ನೇಟ್ ಮಾಡಿ ಕಾಪಾಡುವುದೂ ಈ ಫೈಲ್ ಇದ್ದರೆ ಮಾತ್ರ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಲೈನಿನ ಮೇಲೆ ಸಿಲ್ವರ್ ಮರ ಬಿದ್ದರೆ ಕರೆಂಟ್ ಇವತ್ತು ಬರುತ್ತೋ ನಾಳಿದ್ದು ಬರುತ್ತೋ, ಲೈನ್‌ಮ್ಯಾನನ್ನೂ ಕೇಳುವ ಹಾಗಿಲ್ಲ. ಅವರೇ ಪಾಪ ಕೊಡೆಯಿಲ್ಲದೆ ಕಂಬ ಹತ್ತಿರುತ್ತಾರೆ.

ಫೈಲಿನ ಗಾತ್ರ ಸಾಮಾನ್ಯವಾಗಿ ರ‍್ಯಾಮಿನ 40 ಶೇಕಡಾ. ಇಲ್ಲಿ 8 ಜಿಬಿ ರ‍್ಯಾಮ್, ಅಂದರೆ 3.2 ಜಿಬಿ. ಒಂದು ವಾರದ ಹಾಜರಿ ಉಳಿಯುತ್ತದೆ ಎಂದಾದರೆ ನನಗೆ ಅದು ಹೆಚ್ಚೆನಿಸುವುದಿಲ್ಲ. ಯುಪಿಎಸ್ ಮೇಲಿರುವ ಡೆಸ್ಕ್‌ಟಾಪ್ ಆಗಿದ್ದರೆ ಯೋಚಿಸುತ್ತಿದ್ದೆ. ಹೈಬರ್ನೇಟ್ ತೆಗೆದರೆ ಲ್ಯಾಪ್‌ಟಾಪ್ ಬೇಗ ಆನ್ ಆಗಲು ಇರುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಅದು ಹೋದರೆ ಹೋಗಲಿ.

ಪೇಜ್‌ಫೈಲ್ ಮುಟ್ಟಲಿಲ್ಲ. ರ‍್ಯಾಮ್ ಸಾಲದಾಗ ವಿಂಡೋಸ್ ಅದನ್ನೇ ನೆಚ್ಚುತ್ತದೆ. ವಿಂಡೋಸ್ ತನ್ನದೇ ಫೈಲುಗಳನ್ನು ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಭಾರಿ ದೊಡ್ಡದಾಗಿ ಕಾಣುತ್ತದೆ. ಆದರೆ ಅದರಲ್ಲಿರುವ ಎಷ್ಟೋ ಫೈಲುಗಳು ಸಿಸ್ಟಂನ ಬೇರೆ ಕಡೆಯೂ ಕಾಣಿಸುವ ಅವೇ ಫೈಲುಗಳು, ಎಕ್ಸ್‌ಪ್ಲೋರರ್ ಎರಡೆರಡು ಸಲ ಎಣಿಸುತ್ತದೆ. ಅದನ್ನು ಕೈಯಾರೆ ಅಳಿಸಿದರೆ ವಿಂಡೋಸೇ ಏಳದಿರಬಹುದು. ಡಿಸ್ಕ್ ಕ್ಲೀನಪ್‌ನಲ್ಲಿ ‘ಕ್ಲೀನ್ ಅಪ್ ಸಿಸ್ಟಂ ಫೈಲ್ಸ್’ ಒತ್ತಿ ಹಳೆಯ ಅಪ್‌ಡೇಟ್‌ಗಳನ್ನು ಮಾತ್ರ ತೆಗೆದೆ. ಸುಮಾರು ಹೊತ್ತು ಹಿಡಿಯಿತು, ಅಷ್ಟರಲ್ಲಿ ಚಿಕ್ಕಮ್ಮ ಕಡುಬು ತಂದಿಟ್ಟರು.

ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಇರುವ ರಿಸ್ಟೋರ್ ಪಾಯಿಂಟುಗಳಿಗೆ ಎಷ್ಟು ಜಾಗ ಬಿಡಬೇಕು ಎಂಬುದು ಬಾಕಿ ಇದೆ. ಭಾನುವಾರ ಕರೆಂಟ್ ಇದ್ದರೆ ನೋಡುತ್ತೇನೆ.