ಇವರ ಲಿಮಿಟ್, ನನ್ನ ಎಣಿಕೆ

18 ಫೆಬ್ರವರಿ 2025, ಮಂಗಳವಾರ, ರಾತ್ರಿ
ಮೈಸೂರು

ಮೊನ್ನೆ ಭಾನುವಾರ ನಾಗಮಂಗಲದ ಹತ್ತಿರ ಇವರ ಅಕ್ಕನ ಮಗಳ ಬೀಗರ ಊಟ ಇತ್ತು. ಶಾಮಿಯಾನದ ಕೆಳಗೆ ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಮನೆ ಹಿಂದಿನ ತೆಂಗಿನ ತೋಟದಲ್ಲಿ ಗಂಡಸರ ಗುಂಪು. ಅಲ್ಲಿ ಏನು ನಡೆಯುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಎಲೆ ಮುಂದೆ ಕೂತಿದ್ದೆ. ಕಣ್ಣು ಮಾತ್ರ ತೋಟದ ಕಡೆಗೇ ಇತ್ತು. ಇವರ ಭಾವ ತೋಳು ಹಿಡಿದು ಎಳೆಯುತ್ತಾ, "ಮೂರ್ ವರ್ಷ ಆಯ್ತಲ್ಲಪ್ಪ, ಇನ್ನೇನ್ ಆಯ್ತದೆ? ಒಂದೇ ಒಂದ್ ಬಿಯರ್ ಕಣೋ" ಅನ್ನುತ್ತಿದ್ದದ್ದು ಪಂಕ್ತಿಯವರೆಗೂ ಕೇಳಿಸಿತು. ಬಡಿಸುವ ಹುಡುಗ "ಅಕ್ಕಾ, ಸಾರು ಬಿಡ್ಲಾ?" ಅಂತ ಎರಡು ಸಲ ಕೇಳಬೇಕಾಯಿತು.

ಇವರು ಕುಡಿಯಲಿಲ್ಲ. ಸೋಡಾ ಬಾಟಲಿ ಹಿಡಿದು ಈಚೆ ಬಂದು, ನನಗೆ ಕಾಣುವ ಹಾಗೆ ಕುರ್ಚಿ ಹಾಕಿಕೊಂಡು ಕೂತರು.

ಪಾಂಡವಪುರ ದಾಟಿದ ಮೇಲೆ ಕಾರಿನಲ್ಲಿ ಮಾತು ತೆಗೆದರು. "ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ಇಷ್ಟು ದಿನ ಬಿಟ್ಟಿರೋನಿಗೆ, ಮದುವೆ ಗಿದುವೆ ಅಂದಾಗ ಒಂದು ಬಿಯರ್ ತಗೊಂಡು ನಿಲ್ಲಿಸೋಕೆ ಆಗಲ್ವಾ? ಜೀವನ ಪೂರ್ತಿ ಇಲ್ಲ ಅಂದ್ರೆ ಇಲ್ಲವೇನಾ?"

"ಮನೆಗೆ ಹೋಗಿ ಮಾತಾಡೋಣ ರೀ" ಅಂದೆ. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ನಿಜ ಹೇಳಬೇಕು ಅಂದರೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಪವೂ ಬರಲಿಲ್ಲ. ಮುಂಚೆ ಆಗಿದ್ದರೆ ಇವರು ಕೇಳುತ್ತಲೇ ಇರಲಿಲ್ಲ, ಸೋಂಪು ಅಗಿಯುತ್ತಾ ಬರುತ್ತಿದ್ದರು. ಕೇಳಿದರಲ್ಲ, ಅದು ನನಗೆ ದೊಡ್ಡದು. ಅದಕ್ಕೇ ಎರಡು ದಿನ ಯೋಚನೆ ಮಾಡಿ ಇದನ್ನು ಬರೆಯುತ್ತಿದ್ದೀನಿ. ನಮ್ಮಂಥ ಮನೆಗಳು ಎಷ್ಟೋ ಇವೆ. ಯಾರಿಗಾದರೂ ಬೇಕಾಗಬಹುದು.

ಈ ಪ್ರಯೋಗವನ್ನು ನಾವು ಒಂದು ಸಲ ಮಾಡಿದ್ದೀವಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಎಣ್ಣೆ ಅಂಗಡಿಗಳೆಲ್ಲ ಮುಚ್ಚಿದವು. ಇವರು ಕೂಡಿಟ್ಟಿದ್ದದ್ದು ಎರಡು ವಾರಕ್ಕೆ ಖಾಲಿಯಾಯಿತು. ಮಾರನೇ ದಿನ ಬೆಳಗ್ಗೆ ಕಾಫಿ ಲೋಟ ಬಾಯಿಗೆ ಹೋಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಸಂಜೆ ಹೊತ್ತಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇನ್ನೂ ನೆನಪಿದೆ. ಮದ್ಯ ಮಿದುಳನ್ನು ಮಂಕು ಮಾಡುತ್ತೆ. ದಿನಾ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಓಟ ಜೋರು ಮಾಡಿಕೊಳ್ಳುತ್ತೆ. ಇದ್ದಕ್ಕಿದ್ದ ಹಾಗೆ ಎಣ್ಣೆ ನಿಂತರೆ ಆ ಓಟ ಮಾತ್ರ ಉಳಿಯುತ್ತೆ, ತಡೆಯೋಕೆ ಏನೂ ಇರಲ್ಲ. ಅದೇ ನಡುಕ, ಬೆವರು, ಫಿಟ್ಸ್. ಬಿಡೋದು, ಹಿಡಿಯೋದು, ಮತ್ತೆ ಬಿಡೋದು ಮಾಡಿದಷ್ಟೂ ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು ಅಂದರು. ಆಗ ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

ಒಂಬತ್ತು ತಿಂಗಳು ಮುಟ್ಟಲಿಲ್ಲ. ಮುಖಕ್ಕೆ ಕಳೆ ಬಂತು. 2021ರ ಸಂಕ್ರಾಂತಿ ಎಳ್ಳು ಬೆಲ್ಲ ಬೀರಿ ಮನೆಗೆ ಬಂದಾಗ ಇವರೇ ಒಪ್ಪಂದ ಮುಂದಿಟ್ಟರು. ಶನಿವಾರ ಮಾತ್ರ. ಮನೆಯಲ್ಲಿ ಮಾತ್ರ. ಅರವತ್ತು ಎಂಎಲ್. ಅಳೆದು ಕೊಡುವವಳು ನಾನು.

ಮಗಳ ಕೆಮ್ಮಿನ ಸಿರಪ್ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಇತ್ತು, ಹದಿನೈದು ಎಂಎಲ್ ಗೆರೆ ಇರುವುದು. ಅದರಲ್ಲಿ ನಾಲ್ಕು ಸಲ. ನಾನು ಬಗ್ಗಿ, ಗೆರೆಗೆ ಕಣ್ಣು ಸಮ ಮಾಡಿಕೊಂಡು ಸುರಿಯುತ್ತಿದ್ದೆ. ಇವರು ಪಕ್ಕದಲ್ಲಿ ನಿಂತು ಅದೇ ಗೆರೆ ನೋಡುತ್ತಿದ್ದರು. ಇಬ್ಬರೂ ಉಸಿರು ಬಿಗಿ ಹಿಡಿದಿರುತ್ತಿದ್ದೆವು. ಆಮೇಲೆ ಬಾಟಲಿಯಲ್ಲಿ ಉಳಿದದ್ದಕ್ಕೆ ಕಣ್ಣುಕಪ್ಪಿನ ಕಡ್ಡಿಯಿಂದ ಸಣ್ಣ ಗೆರೆ ಎಳೆದು, ಬೀರುವಿನಲ್ಲಿ ಸೀರೆ ಕೆಳಗಿಟ್ಟು, ಬೀಗದ ಕೈ ತಾಳಿ ಸರಕ್ಕೆ ಪಿನ್ ಹಾಕಿಕೊಳ್ಳುತ್ತಿದ್ದೆ.

ಹದಿಮೂರು ಶನಿವಾರ ಸರಿಯಾಗಿ ನಡೆಯಿತು. ಒಂದು ತೊಟ್ಟೂ ಜಾಸ್ತಿ ಆಗಲಿಲ್ಲ. ಹೊರಗಿನಿಂದ ನೋಡಿದವರು "ಪರವಾಗಿಲ್ವೇ, ಕಂಟ್ರೋಲ್‌ಗೆ ಬಂದಿದ್ದಾನೆ" ಅನ್ನಬೇಕು, ಹಾಗಿತ್ತು.

ಆ ಹದಿಮೂರು ವಾರ ನನ್ನ ಮದುವೆಯಾದ ಮೇಲಿನ ಅತಿ ಕೆಟ್ಟ ದಿನಗಳು. ಇವರು ದಿನಕ್ಕೆ ಎರಡು ಕ್ವಾರ್ಟರ್ ಹಾಕುತ್ತಿದ್ದ ಕಾಲಕ್ಕಿಂತ ಕೆಟ್ಟದ್ದು. ಆಗ ಅತ್ತು, ಬೈದು, ಮಲಗುತ್ತಿದ್ದೆ. ಈಗ ಮಲಗೋಕೇ ಆಗಲಿಲ್ಲ. ರಾತ್ರಿ ಎದ್ದು ಬೀರು ತೆಗೆದು ಗೆರೆ ನೋಡುವುದು. ಇವರು ಬಾತ್‌ರೂಮಿನಲ್ಲಿ ಐದು ನಿಮಿಷ ಜಾಸ್ತಿ ಇದ್ದರೆ ಬಾಗಿಲಿಗೆ ಕಿವಿ ಕೊಡುವುದು. ಶರ್ಟ್ ಒಗೆಯುವ ಮುಂಚೆ ಮೂಸುವುದು. ಇವರ ಕುಡಿತಕ್ಕೆ ಲಿಮಿಟ್ ಇತ್ತು. ನನ್ನ ಎಣಿಕೆಗೆ ಲಿಮಿಟ್ ಇರಲಿಲ್ಲ. ಇವರದೂ ಅದೇ ಪಾಡಂತೆ. ಆಮೇಲೆ ಹೇಳಿದರು: ಸೋಮವಾರದಿಂದಲೇ ಶನಿವಾರದ ಲೆಕ್ಕ ಶುರುವಾಗುತ್ತಿತ್ತು, ಆ ಅರವತ್ತು ಎಂಎಲ್ ಹೊಟ್ಟೆಗೆ ಇಳಿದ ಮರುಕ್ಷಣ ಸಿಗದೇ ಇರುವ ಮಿಕ್ಕಿದ್ದರ ಸಂಕಟ ಶುರುವಾಗುತ್ತಿತ್ತು ಅಂತ.

ಹದಿನಾಲ್ಕನೇ ಶನಿವಾರ ಬರಲೇ ಇಲ್ಲ. ಏಪ್ರಿಲ್ 13 ಯುಗಾದಿ, 14 ಹೊಸತೊಡಕು. ಊರಿಗೆ ಹೋಗಿದ್ದೆವು. ಹೊಸತೊಡಕಿನ ದಿನ ನಮ್ಮ ಕಡೆ ಬಾಡೂಟ ಇಲ್ಲದ ಮನೆ ಇಲ್ಲ, ಅದರ ಜೊತೆಗೆ ಇದೂ ಇದ್ದೇ ಇರುತ್ತೆ. ಅಲ್ಲಿ ಮುಚ್ಚಳ ಹಿಡಿದು ನಿಲ್ಲುವವರು ಯಾರು? ಎರಡೇ ವಾರಕ್ಕೆ ಮತ್ತೆ ಲಾಕ್‌ಡೌನ್. ಈ ಸಲ ಅಂಗಡಿ ಮುಚ್ಚಲಿಲ್ಲ, ಬೆಳಗ್ಗೆ 6ರಿಂದ 10ರವರೆಗೆ ಪಾರ್ಸೆಲ್ ಕೊಡುತ್ತಿದ್ದರು. ಹಾಲು ತರೋಕೆ ಅಂತ ಹೋದವರು ಎರಡನ್ನೂ ತರುತ್ತಿದ್ದರು. ಬೆಳಗಿನ ಕುಡಿತ ನಮ್ಮ ಮನೆಗೆ ಬಂದದ್ದು ಹಾಗೆ. ನವೆಂಬರ್‌ನಲ್ಲಿ ಮತ್ತೆ ಆಸ್ಪತ್ರೆ. ಈ ಸಲ ಫಿಟ್ಸ್ ಜೊತೆಗೆ ಗೋಡೆ ಮೇಲೆ ಇರುವೆ ಸಾಲು ಕಾಣಿಸುತ್ತಿತ್ತು ಇವರಿಗೆ. ಇಲ್ಲದ ಇರುವೆಗಳನ್ನು ಹಾಸಿಗೆಯಿಂದ ಕೊಡವುತ್ತಿದ್ದರು. ನನ್ನನ್ನು ಗುರುತಿಸಲಿಲ್ಲ.

ಆಗ ಬಿಟ್ಟದ್ದು. ಮೂರು ವರ್ಷ ಮೂರು ತಿಂಗಳು.

ಇಷ್ಟೆಲ್ಲ ಕಂಡಿದ್ದರೂ, ನಮ್ಮ ಮನೇಲಿ ಆಗಲಿಲ್ಲ ಅಂದ ಮಾತ್ರಕ್ಕೆ ಯಾರಿಗೂ ಆಗಲ್ಲ ಅನ್ನುವುದು ಸರಿಯಲ್ಲ. ನಿನ್ನೆ ಇವರು ಕೆಲಸಕ್ಕೆ ಹೋದ ಮೇಲೆ ಕೂತು ಓದಿದೆ. ಆಶ್ಚರ್ಯ ಆಯಿತು. ಅಮೆರಿಕದಲ್ಲಿ 2001–02ರಲ್ಲಿ ಮನೆಮನೆಗೆ ಹೋಗಿ ಒಂದು ದೊಡ್ಡ ಸಮೀಕ್ಷೆ ಮಾಡಿದ್ದಾರೆ. ಹಿಂದೆ ಯಾವಾಗಲೋ ಮದ್ಯಕ್ಕೆ ದಾಸರಾಗಿದ್ದ 4,422 ಜನ ಸಿಕ್ಕಿದ್ದಾರೆ. ಅವರಲ್ಲಿ ಪೂರ್ತಿ ಬಿಟ್ಟವರು ನೂರಕ್ಕೆ ಸುಮಾರು 18. ಮಿತಿಯಲ್ಲಿ ಕುಡಿದುಕೊಂಡು ಯಾವ ತೊಂದರೆಯೂ ಇಲ್ಲದೆ ಇದ್ದವರೂ ಹೆಚ್ಚು ಕಡಿಮೆ ಅಷ್ಟೇ! ಒಂದು ಕ್ಷಣ ಫೋನ್ ಕೆಳಗಿಟ್ಟೆ. ಹಾಗಾದರೆ ಇವರು ಕೇಳಿದ್ದು ತಪ್ಪಲ್ಲ ಅಲ್ವಾ ಅನ್ನಿಸಿತು.

ಆಮೇಲೆ ಮುಂದಿನದು ಓದಿದೆ. ಚೇತರಿಸಿಕೊಂಡಿದ್ದವರನ್ನೇ ಮೂರು ವರ್ಷ ಬಿಟ್ಟು ಮತ್ತೆ ಹುಡುಕಿ ಕೇಳಿದ್ದಾರೆ. ಪೂರ್ತಿ ಬಿಟ್ಟವರಲ್ಲಿ ತೊಂದರೆ ಮರುಕಳಿಸಿದ್ದು ನೂರಕ್ಕೆ 7 ಜನಕ್ಕೆ. ಮಿತಿಯಲ್ಲಿ ಕುಡಿಯುತ್ತಿದ್ದವರಲ್ಲಿ 27 ಜನಕ್ಕೆ. ತೊಂದರೆ ಏನೂ ಇಲ್ಲ ಅಂದುಕೊಂಡು ಮಿತಿ ಮೀರಿ ಕುಡಿಯುತ್ತಿದ್ದವರಲ್ಲಿ 51 ಜನಕ್ಕೆ. ಇನ್ನೊಂದು ವಿಷಯ: ಆ 4,422 ಜನರಲ್ಲಿ ಯಾವತ್ತಾದರೂ ಚಿಕಿತ್ಸೆ ಅಂತ ಪಡೆದವರು ಕಾಲು ಭಾಗ ಮಾತ್ರ. ಅಂದರೆ ಇರುವೆ ಕಂಡವರು, ಫಿಟ್ಸ್ ಬಂದವರು ಅವರಲ್ಲಿ ಎಷ್ಟು ಜನ ಇದ್ದಾರು? ಸಮೀಕ್ಷೆಯಲ್ಲಿ ಸಿಗುವವರು ಬೇರೆ, ಆಸ್ಪತ್ರೆ ವಾರ್ಡಿನಲ್ಲಿ ಸಿಗುವವರು ಬೇರೆ.

ವಾರ್ಡಿನವರ ಕಥೆಯೂ ಇದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಡೇವಿಸ್ ಅನ್ನುವ ವೈದ್ಯರು 1962ರಲ್ಲಿ ಒಂದು ಲೇಖನ ಬರೆದರು. ಚಿಕಿತ್ಸೆ ಪಡೆದ 93 ಜನರಲ್ಲಿ 7 ಜನ ವರ್ಷಗಟ್ಟಲೆ ಮಾಮೂಲಿ ಜನರ ಹಾಗೆ ಕುಡಿದುಕೊಂಡಿದ್ದಾರೆ ಅಂತ. ದೊಡ್ಡ ಗದ್ದಲವೇ ಆಯಿತಂತೆ. 1985ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಅನ್ನುವ ಇನ್ನೊಬ್ಬ ವೈದ್ಯರು ಅದೇ ಏಳು ಜನರ ಕಥೆ ಏನಾಯಿತು ಅಂತ ಕೆದಕಿ ನೋಡಿದರು. ಐದು ಜನರಿಗೆ ಕುಡಿತದ ತೊಂದರೆ ಚೆನ್ನಾಗಿಯೇ ಇತ್ತು, ಡೇವಿಸ್ ನೋಡಿದ್ದ ಕಾಲದಲ್ಲೂ ಇತ್ತು, ಆಮೇಲೂ ಇತ್ತು. ಕೊನೆಯವರೆಗೂ ತೊಂದರೆ ಇಲ್ಲದೆ ಕುಡಿದವರು ಇಬ್ಬರು. ಅವರಲ್ಲೂ ಒಬ್ಬರಿಗೆ ಮೊದಲಿನಿಂದಲೂ ಚಟ ಅಷ್ಟೊಂದು ಬಲವಾಗಿರಲಿಲ್ಲ.

ಆ ಐದು ಜನರ ಹೆಂಡತಿಯರ ಬಗ್ಗೆ ಯೋಚನೆ ಬಂತು. ಮದುವೆ ಆಗಿದ್ದರೋ ಇಲ್ಲವೋ. ಆಗಿದ್ದರೆ, ಡಾಕ್ಟರಿಗೆ ಗೊತ್ತಾಗದೇ ಇದ್ದದ್ದು ಅವರಿಗೆ ಗೊತ್ತಿದ್ದಿರಬೇಕು.

ಇವರ ಭಾವ "ಸ್ವಲ್ಪ ತಗೊಂಡ್ರೆ ಹಾರ್ಟಿಗೆ ಒಳ್ಳೇದು" ಅಂತಲೂ ಅಂದರಂತೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ಆ "ಒಂದೇ ಒಂದು ಬಿಯರ್" ಲೆಕ್ಕವೂ ಹಾಕಿ ನೋಡಿದೆ. 650 ಎಂಎಲ್‌ನ 8 ಪರ್ಸೆಂಟ್ ಸ್ಟ್ರಾಂಗ್ ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತೆ. ನಾನು ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದ ಅರವತ್ತು ಎಂಎಲ್ ವಿಸ್ಕಿಯಲ್ಲಿ 20 ಗ್ರಾಂ. ಅಂದರೆ ಭಾವ ಕರೆದದ್ದು ನಮ್ಮ ಹಳೇ ಶನಿವಾರದ ಎರಡರಷ್ಟಕ್ಕೆ.

ಇನ್ನೊಂದು ಮಾತು, ಇದನ್ನು ಓದುವ ಹೆಂಗಸರಿಗಾಗಿ. ಆಗ ಸಂಬಂಧಿಕರೊಬ್ಬರು ನನಗೆ ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಮ್ ಮಾತ್ರೆ ತಂದುಕೊಟ್ಟು, "ಹೇಳಬೇಡ, ಪುಡಿ ಮಾಡಿ ಸಾರಿಗೆ ಹಾಕಿಬಿಡು" ಅಂದಿದ್ದರು. ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಡಾಕ್ಟರನ್ನು ಕೇಳಿದ್ದು ಪುಣ್ಯ. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಪ್ರಾಣಕ್ಕೇ ಕುತ್ತು ಬರಬಹುದು. ತಗೊಳ್ಳುವವರಿಗೆ ಗೊತ್ತಿದ್ದು, ಅವರು ಒಪ್ಪಿದರೆ ಮಾತ್ರ ಕೊಡುವ ಔಷಧಿ ಅದು. ದಯವಿಟ್ಟು ಯಾರೂ ಕದ್ದು ಹಾಕಬೇಡಿ.

ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಇವರ ಹತ್ತಿರ ಕೂತೆ. ಓದಿದ್ದನ್ನೆಲ್ಲ ಹೇಳಿದೆ, 18 ಜನರ ಲೆಕ್ಕವನ್ನೂ ಮುಚ್ಚಿಡಲಿಲ್ಲ. "ಕೆಲವರಿಗೆ ಆಗುತ್ತಂತೆ ರೀ. ನಿಮಗೆ ಆಗುತ್ತೆ ಅಂತ ನನಗನ್ನಿಸಲ್ಲ. ಆದರೂ ಅದು ನನ್ನ ಅನಿಸಿಕೆ. ನನಗೆ ಗೊತ್ತಿರೋದು ಒಂದೇ. ನಾನು ಇನ್ನೊಂದು ಸಲ ಆ ಮುಚ್ಚಳ ಹಿಡಿಯಲ್ಲ. ಗೆರೆ ಎಳೆಯಲ್ಲ. ನಿಮ್ಮ ಶರ್ಟ್ ಮೂಸಲ್ಲ. ನನಗೆ ಈಗ ರಾತ್ರಿ ನಿದ್ದೆ ಬರುತ್ತೆ. ಅದನ್ನ ಬಿಟ್ಟುಕೊಡೋಕೆ ಆಗಲ್ಲ."

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ಸರಿ, ನೀನು ಬೇಡ ಅಂದ್ರೆ ಬೇಡ ಬಿಡು" ಅಂದರು.

ಅದು ನನಗೆ ಹಿಡಿಸಲಿಲ್ಲ. ನಾನು ಬೇಡ ಅಂದದ್ದಕ್ಕೆ ನಿಲ್ಲುವುದಾದರೆ, ನಾನು ಊರಿಗೆ ಹೋದ ದಿನ? ನಾನು ಇಲ್ಲದ ಬೀಗರ ಊಟದಲ್ಲಿ? ಮತ್ತೆ ನಾನೇ ಬೀಗ, ನಾನೇ ಕಾವಲು. "ನನಗೋಸ್ಕರ ಬೇಡ. ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕಂಡ್ಕೊಳ್ಳಿ. ಕುಡಿತ ಬಿಟ್ಟವರ ಮೀಟಿಂಗ್‌ನಲ್ಲಿ ಹೇಳಿ. ಡಾಕ್ಟರನ್ನ ಕೇಳಿ. ಇರುವೆ ಕಂಡದ್ದನ್ನೂ ಅವರಿಗೆ ನೆನಪಿಸಿ" ಅಂದೆ.

"ಇರುವೆ ನನಗೆ ನೆನಪಿಲ್ಲ ಕಣೆ" ಅಂದರು. "ನಿಜವಾಗಲೂ ನೆನಪಿಲ್ಲ."

ಮೂರು ವರ್ಷದಲ್ಲಿ ಇದನ್ನು ಇವರು ಮೊದಲ ಸಲ ಹೇಳಿದ್ದು. ನನ್ನ ಕಣ್ಣಿಗೆ ಕಟ್ಟಿದ ಹಾಗಿರುವ ಆ ರಾತ್ರಿ ಇವರ ಪಾಲಿಗೆ ಇಲ್ಲವೇ ಇಲ್ಲ. ಹಾಗಿದ್ದಾಗ ಒಂದು ಬಿಯರ್ ಸಣ್ಣದಾಗಿ ಕಾಣೋದರಲ್ಲಿ ಆಶ್ಚರ್ಯ ಏನಿದೆ? ಇವರ ಕೈ ಹಿಡಿದುಕೊಂಡು, ಆ ರಾತ್ರಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಯಾವ ನರ್ಸ್ ಬಂದರು, ಇವರು ಏನೇನು ಅಂದರು, ಕೈ ಕಟ್ಟುವಾಗ ನಾನು ಎಲ್ಲಿ ನಿಂತಿದ್ದೆ, ಎಲ್ಲ. ಒಂದೂವರೆ ಗಂಟೆ ಆಯಿತು. ನಡುವೆ ಎದ್ದು ಹೋಗಲಿಲ್ಲ.

ಇವತ್ತು ಬೆಳಗ್ಗೆ ಆಸ್ಪತ್ರೆಗೆ ಇವರೇ ಫೋನ್ ಮಾಡಿದರು. ನಾನು ಒಗ್ಗರಣೆ ಹಾಕುತ್ತಿದ್ದೆ, ಗ್ಯಾಸ್ ಸಣ್ಣ ಮಾಡಿ ಕೇಳಿಸಿಕೊಂಡೆ. ಗುರುವಾರ ಹತ್ತೂವರೆಗೆ ಟೋಕನ್ ಸಿಕ್ಕಿತು. ಏನು ತೊಂದರೆ ಅಂತ ಆ ಕಡೆಯಿಂದ ಕೇಳಿರಬೇಕು.

"ತೊಂದರೆ ಏನಿಲ್ಲ. ಒಂದು ಪ್ರಶ್ನೆ ಇದೆ" ಅಂದರು.