ನೀವೇ ಫುಟ್ಬಾಲ್ ಆಡಿದವರಲ್ಲ, ಮಕ್ಕಳಿಗೆ ಹೇಗೆ ಕಲಿಸ್ತೀರಿ?

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮೈದಾನದಲ್ಲಿ ಐದರಿಂದ ಎಂಟು ವರ್ಷದ ಮಕ್ಕಳಿಗೆ ಫುಟ್ಬಾಲ್ ಹೇಳಿಕೊಡುತ್ತೇನೆ. ಮಕ್ಕಳನ್ನು ಬಿಡಲು ಬಂದವರೆಲ್ಲ ಹೆಚ್ಚೂಕಡಿಮೆ ಇದೇ ಪ್ರಶ್ನೆ ಕೇಳುತ್ತಾರೆ. ಕೇಳಲೇಬೇಕು. ನಾನು ಯಾವ ಕ್ಲಬ್ಬಿಗೂ ಆಡಿದವನಲ್ಲ. ಅದೂ ಬೆಂಗಳೂರಿನಲ್ಲಿ! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ನಡೆಯಲು ಕಲಿತ ದಿನದಿಂದ ಚೆಂಡು ಒದ್ದವರಿದ್ದಾರೆ. ಆದರೆ ನಮ್ಮ ಮೈದಾನದಲ್ಲಿ ಮಕ್ಕಳಿದ್ದರು, ಹೇಳಿಕೊಡುವವರು ಇರಲಿಲ್ಲ. ಅದಕ್ಕೇ ಇಳಿದೆ.

ಮೊದಲ ದಿನ ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಮುಂದೆ ಆರು ಕೋನ್, ಕೈಯಲ್ಲೊಂದು ಚೆಂಡು. ಒಬ್ಬೊಬ್ಬರೇ ಬಂದು ಕೋನ್ ಸುತ್ತಿ ಗೋಲಿಗೆ ಹೊಡೆಯಬೇಕು. ನೋಡಲು ಬಹಳ ಶಿಸ್ತಾಗಿತ್ತು. ಒಬ್ಬ ತಾಯಿ ಹತ್ತು ನಿಮಿಷ ವಿಡಿಯೋ ಮಾಡಿ ಕಳಿಸಿದ್ದರು. ರಾತ್ರಿ ಅದನ್ನು ನೋಡುತ್ತಾ ಸಾಲಿನ ಕೊನೆಯಲ್ಲಿದ್ದ ಒಬ್ಬ ಹುಡುಗನನ್ನು ಹಿಂಬಾಲಿಸಿದೆ. ಆ ಹತ್ತು ನಿಮಿಷದಲ್ಲಿ ಅವನ ಕಾಲಿಗೆ ಚೆಂಡು ತಾಗಿದ್ದು ಏಳೇ ಸಲ. ಉಳಿದ ಹೊತ್ತು ಕುಕ್ಕರಗಾಲಲ್ಲಿ ಕೂತು ಒದ್ದೆ ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದ. ನನಗೆ ಬಹಳ ಬೇಜಾರಾಯಿತು. ಆಡಲು ಬಂದ ಮಗುವನ್ನು ಕ್ಯೂನಲ್ಲಿ ನಿಲ್ಲಿಸಿದ್ದೆ.

ಮುಂದಿನ ವಾರ ಮೂರನೇ ನಂಬರಿನ ಚಿಕ್ಕ ಚೆಂಡುಗಳನ್ನು ತಂದೆ, ಪ್ರತಿ ಮಗುವಿಗೂ ಒಂದು. ದೊಡ್ಡವರು ಆಡುವ ಐದನೇ ನಂಬರಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಆರು ವರ್ಷದ ಮಗು ಅದನ್ನು ಒದ್ದರೆ ಕಾಲು ನೋಯುತ್ತದೆ ಅಷ್ಟೇ, ಚೆಂಡು ದೂರ ಹೋಗುವುದಿಲ್ಲ. ದಯವಿಟ್ಟು ಚಿಕ್ಕ ಮಕ್ಕಳಿಗೆ ಅದನ್ನು ಕೊಡಿಸಬೇಡಿ.

ಆದರೆ ಚೆಂಡು ಕೊಟ್ಟು ಏನು ಮಾಡಿಸುವುದು? ಇಲ್ಲಿ ನನ್ನ ಕೈಹಿಡಿದದ್ದು ಕೆರೆ-ದಡ. ನಾವೆಲ್ಲ ಶಾಲೆಯ ಅಂಗಳದಲ್ಲಿ ಆಡಿದ್ದೇವಲ್ಲ, ಅದೇ. ಸುಣ್ಣದ ಗೆರೆ ಎಳೆದೆ. ‘ಕೆರೆ’ ಅಂದರೆ ಚೆಂಡಿನ ಜೊತೆ ಗೆರೆ ದಾಟಬೇಕು. ‘ದಡ’ ಅಂದರೆ ಚೆಂಡಿನ ಮೇಲೆ ಪಾದ ಇಟ್ಟು, ಹಿಂದಕ್ಕೆ ಎಳೆದುಕೊಂಡು ವಾಪಸ್ ಬರಬೇಕು. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು ತಿರುಗುವುದು ಫುಟ್ಬಾಲ್‌ನಲ್ಲಿ ನಿಜವಾಗಿಯೂ ಬೇಕಾದ ಕೌಶಲ. ಅದನ್ನು ಬಾಯಲ್ಲಿ ವಿವರಿಸಿದರೆ ಐದು ವರ್ಷದ ಮಗುವಿಗೆ ಹೇಗೆ ತಿಳಿಯಬೇಕು? ಕೆರೆಯಿಂದ ದಡಕ್ಕೆ ಬರಲು ಅದು ತಾನಾಗಿಯೇ ಎಳೆಯುತ್ತದೆ. ಲಗೋರಿಯ ಬಿಲ್ಲೆಗಳನ್ನು ಜೋಡಿಸಿ ಕಾಲಿನಿಂದ ಹೊಡೆಸಿದರೆ ಗುರಿ ಬರುತ್ತದೆ. ಮುಟ್ಟಾಟದಲ್ಲಿ ಚೆಂಡು ಬಿಡದೆ ಓಡಬೇಕು ಅಂದರೆ ತಲೆ ಎತ್ತಿ ನೋಡುವುದು ಬರುತ್ತದೆ.

ಮ್ಯಾಚ್ ಆಡಿಸುವಾಗ ಮೂವರ ಮೇಲೆ ಮೂವರು, ಅಷ್ಟೇ. ಜರ್ಮನಿಯಲ್ಲೂ 2024ರಿಂದ ಪುಟ್ಟ ಮಕ್ಕಳಿಗೆ ಹೀಗೇ ಇಬ್ಬಿಬ್ಬರು, ಮೂರುಮೂರು ಜನರ ಆಟವನ್ನೇ ಕಡ್ಡಾಯ ಮಾಡಿದ್ದಾರೆ. ಗೋಲುಗಳೂ ಚಿಕ್ಕವು, ಒಟ್ಟು ನಾಲ್ಕು. ಆದರೂ ಎಲ್ಲರೂ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿಗೆ ಮುತ್ತುತ್ತಾರೆ. ಆಗ ಗೆರೆಯ ಆಚೆಯಿಂದ ‘ಪಾಸ್ ಕೊಡೋ!’ ಅಂತ ಕೂಗು ಶುರುವಾಗುತ್ತದೆ. ಕೂಗಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಈಗಷ್ಟೇ ಸಿಕ್ಕಿದ ಆಟದ ಸಾಮಾನನ್ನು ಐದು ವರ್ಷದ ಮಗು ಯಾಕೆ ಬಿಟ್ಟುಕೊಡುತ್ತದೆ? ಸ್ವಲ್ಪ ದಿನ ಅದರ ಹತ್ತಿರವೇ ಇರಲಿ. ಹಾಗೆಯೇ ಈ ವಯಸ್ಸಿಗೆ ನಾನು ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು, ಕಲಿಸುವುದೇ ಇಲ್ಲ. ಅಮೆರಿಕದ ಫುಟ್ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷದೊಳಗಿನವರಿಗೆ ಅದನ್ನು ನಿಷೇಧಿಸಿದೆ.

ಉಳಿದದ್ದು ಮೈದಾನವೇ ಕಲಿಸಿತು. ಮಾತಾಡುವಾಗ ಮಂಡಿಯೂರಿ ಕೂರುತ್ತೇನೆ. ಬಿಸಿಲು ನನ್ನ ಕಣ್ಣಿಗೆ ಬೀಳುವ ಹಾಗೆ ನೋಡಿಕೊಳ್ಳುತ್ತೇನೆ, ಮಕ್ಕಳ ಕಣ್ಣಿಗೆ ಬಿದ್ದರೆ ಅವರು ನನ್ನ ಮುಖವನ್ನೇ ನೋಡುವುದಿಲ್ಲ. ಹೇಳುವುದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತೇನೆ. ಮಕ್ಕಳು ಹತ್ತು, ಹನ್ನೆರಡು ವರ್ಷ ಆಗುವ ಹೊತ್ತಿಗೆ ನಿಜವಾಗಿ ಆಟ ಬಲ್ಲ ಕೋಚ್ ಬೇಕೇ ಬೇಕು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಕೋಚ್‌ಗಳಿಗೆ ನಡೆಸುವ ಡಿ ಲೈಸೆನ್ಸ್ ಕೋರ್ಸು ಮಾಡುವ ಆಸೆ ನನಗೂ ಇದೆ.

ಕಳೆದ ವಾರ ಒಬ್ಬ ತಂದೆ ಇದೇ ಪ್ರಶ್ನೆ ಕೇಳಿದರು. ‘ಬನ್ನಿ, ಕೆರೆ-ದಡ ಕೂಗಿ’ ಅಂದೆ. ಮೊದಲು ಮೆಲ್ಲಗೆ ಕೂಗಿದರು. ಆಮೇಲೆ ಬಾಲ್ಯ ನೆನಪಾಯಿತೇನೋ, ಮಕ್ಕಳು ದಡದಲ್ಲಿ ಇರುವಾಗಲೇ ಮತ್ತೆ ‘ದಡ!’ ಅಂದುಬಿಟ್ಟರು. ಅರ್ಧ ಮಕ್ಕಳು ಕೆರೆಗೆ ಬಿದ್ದರು. ಅವರ ಮಗಳು ಮಾತ್ರ ಚೆಂಡಿನ ಮೇಲೆ ಪಾದ ಒತ್ತಿ ಅಲ್ಲಾಡದೆ ನಿಂತು, ಅಪ್ಪನನ್ನೇ ನೋಡುತ್ತಿದ್ದಳು.