ಮಕ್ಕಳ ಕೈಗೆ ಇಂಥ ಕತೆ ಯಾಕೆ ಕೊಡ್ತೀರಿ ಅಂತ ಕೇಳುವವರಿಗೆ

ಹೈಸ್ಕೂಲ್ ಮಕ್ಕಳಿಗೆ ಯಾವ ಪುಸ್ತಕ ಕೊಡಲಿ ಅಂತ ಕೇಳಿದವರಿಗೆಲ್ಲ ನಾನು ಒಂದೆರಡು ಅಮೆರಿಕನ್ ಕಾದಂಬರಿಗಳ ಹೆಸರು ಹೇಳುತ್ತೇನೆ. ಕಪ್ಪು ಹುಡುಗನೊಬ್ಬನನ್ನು ಪೊಲೀಸರು ಹೊಡೆಯುವ, ಕೊಲ್ಲುವ ಕತೆಗಳು. ಆಮೇಲೆ ಹಿಂದಿನ ಕವರ್ ಓದಿ ಅವರೇ ಫೋನ್ ಮಾಡುತ್ತಾರೆ: "ಇಷ್ಟು ಚಿಕ್ಕವರಿಗೆ ಇದೆಲ್ಲ ಯಾಕೆ? ಅದೂ ನಮ್ಮ ಮಕ್ಕಳಿಗೆ?" ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರೂ ಕೇಳುತ್ತಾರೆ, ಬೆಂಗಳೂರಿನವರೂ ಕೇಳುತ್ತಾರೆ.

ಮೊದಲು ವಯಸ್ಸಿನ ಮಾತು. 2014ರ ನವೆಂಬರ್‌ನಲ್ಲಿ, ಕತೆಯಲ್ಲಲ್ಲ ನಿಜವಾಗಿಯೇ, ಅಮೆರಿಕದ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ ಕಪ್ಪು ಹುಡುಗ ಟಮೀರ್ ರೈಸ್‌ಗೆ 12 ವರ್ಷ. ಪೊಲೀಸ್ ಕಾರು ಬಂದು ನಿಂತ ಎರಡೇ ಸೆಕೆಂಡಿನಲ್ಲಿ ಗುಂಡು ಬಿತ್ತು, ಮಾರನೇ ದಿನ ಹುಡುಗ ಸತ್ತ. ಜುವೆಲ್ ಪಾರ್ಕರ್ ರೋಡ್ಸ್ 2018ರಲ್ಲಿ ಬರೆದ 'ಘೋಸ್ಟ್ ಬಾಯ್ಸ್'ನ ಜೆರೋಮನಿಗೂ 12, ಅವನ ಕೈಯಲ್ಲೂ ಆಟದ ಪಿಸ್ತೂಲು. ಆಂಜಿ ಥಾಮಸ್ 2017ರಲ್ಲಿ ಬರೆದ 'ದ ಹೇಟ್ ಯು ಗಿವ್'ನಲ್ಲಿ ಸ್ಟಾರ್‌ಗೆ 12 ಆದಾಗಲೇ ಅಪ್ಪ ಅಮ್ಮ ಅವಳನ್ನು ಕೂರಿಸಿಕೊಂಡು, ಪೊಲೀಸ್ ತಡೆದರೆ ಕೈ ಕಾಣುವ ಹಾಗೆ ಇಟ್ಟುಕೋ, ಥಟ್ಟನೆ ಅಲುಗಾಡಬೇಡ, ಕೇಳಿದರೆ ಮಾತ್ರ ಮಾತಾಡು ಅಂತ ಹೇಳಿಕೊಡುತ್ತಾರೆ. ಇದು ಕತೆಗಾಗಿ ಕಟ್ಟಿದ್ದಲ್ಲ, ಅಲ್ಲಿ ಎಷ್ಟೋ ಕಪ್ಪು ಮನೆಗಳಲ್ಲಿ ನಡೆಯುವ ಮಾತು. ಹೀಗಿರುವಾಗ ಅದೇ ವಯಸ್ಸಿನ ನಮ್ಮ ಮಗು ಇದನ್ನು ಓದೋಕೂ ಚಿಕ್ಕದು ಅನ್ನೋದು ನನ್ನ ಬಾಯಲ್ಲಿ ಬರೋದಿಲ್ಲ.

ಆದರೆ ನನ್ನ ನಿಜವಾದ ಉತ್ತರ "ನಮ್ಮ ಮಕ್ಕಳಿಗೆ ಯಾಕೆ" ಅನ್ನೋದಕ್ಕೆ. ಈ ಕತೆಗಳು ಸತ್ತವರ ಬಗ್ಗೆ ಎಷ್ಟೋ, ನೋಡಿದವರ ಬಗ್ಗೆಯೂ ಅಷ್ಟೇ. ಪೊಲೀಸ್ ತಡೆದ ಕಾರಿನಲ್ಲಿ ಸ್ಟಾರ್ ಕೂತಿದ್ದಾಳೆ. ಗೆಳೆಯ ಖಲೀಲ್ "ನೀನು ಹುಷಾರಾಗಿದ್ದೀಯಾ" ಅಂತ ಕೇಳೋಕೆ ಬಾಗಿಲು ತೆರೆದದ್ದೇ ತಡ, ಗುಂಡು. ಪೊಲೀಸಿಗೆ ಪಿಸ್ತೂಲಿನ ಹಾಗೆ ಕಂಡದ್ದು ತಲೆ ಬಾಚುವ ಬ್ರಶ್. ಅಲ್ಲಿಂದ ಮುಂದೆ ಇಡೀ ಕಾದಂಬರಿ ಒಂದೇ ಪ್ರಶ್ನೆಯ ಸುತ್ತ: ನೋಡಿದ್ದನ್ನು ಇವಳು ಬಾಯಿಬಿಟ್ಟು ಹೇಳುತ್ತಾಳಾ, ಇಲ್ವಾ?

ಇನ್ನೊಂದು 'ಆಲ್ ಅಮೆರಿಕನ್ ಬಾಯ್ಸ್', 2015ರದ್ದು. ಜೇಸನ್ ರೆನಾಲ್ಡ್ಸ್ ಮತ್ತು ಬ್ರೆಂಡನ್ ಕೈಲಿ ಸೇರಿ ಬರೆದದ್ದು, ಒಬ್ಬರು ಕಪ್ಪು, ಒಬ್ಬರು ಬಿಳಿ. ಚಿಪ್ಸ್ ಕೊಳ್ಳೋಕೆ ಅಂಗಡಿಗೆ ಹೋದ ರಷಾದ್ ಕೂತು ಬ್ಯಾಗಿನಿಂದ ಫೋನ್ ತೆಗೆಯುವಾಗ ಹೆಂಗಸೊಬ್ಬಳು ಎಡವಿ ಅವನ ಮೇಲೆ ಬೀಳುತ್ತಾಳೆ, ಕಳ್ಳ ಅಂದುಕೊಂಡ ಪೊಲೀಸ್ ಅವನನ್ನು ರಸ್ತೆಗೆ ಎಳೆದು ಆಸ್ಪತ್ರೆ ಸೇರುವಷ್ಟು ಬಡಿಯುತ್ತಾನೆ. ಅದನ್ನು ನೋಡಿದವನು ಅದೇ ಶಾಲೆಯ ಬಿಳಿ ಹುಡುಗ ಕ್ವಿನ್. ಹೊಡೆದವನು ಕ್ವಿನ್‌ಗೆ ಅಪ್ಪನ ಜಾಗದಲ್ಲಿ ನಿಂತು ಬೆಳೆಸಿದವನು. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಮುಖ್ಯ ಅನ್ನಿಸೋದು ಕ್ವಿನ್‌ನ ಅಧ್ಯಾಯಗಳು, ಯಾಕಂದರೆ ನಮ್ಮ ಮಕ್ಕಳು ಹೆಚ್ಚಾಗಿ ಇರೋದು ಅವನ ಜಾಗದಲ್ಲೇ. ಏಟು ತಿನ್ನೋದು ಬೇರೆ ಯಾರೋ. ನೋಡಿ ಮನೆಗೆ ಬರೋದು ಇವರು, ನಾವು.

ಇದು ಅಮೆರಿಕದ್ದು ಮಾತ್ರ ಅಂತ ಬೆಂಗಳೂರಿನವರು ಅಂದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. 2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋ ದೇಶದ ಯುವಕ ಸತ್ತ. ಹೃದಯಾಘಾತ ಅಂದರು ಪೊಲೀಸರು. ಠಾಣೆ ಮುಂದೆ ಸೇರಿ ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಿದರು. ಎಷ್ಟು ಮನೆಯಲ್ಲಿ ಮಕ್ಕಳ ಮುಂದೆ ಇದರ ಮಾತು ಬಂದಿತ್ತು?

ಓದಿದರೆ ಮಕ್ಕಳು ಪೊಲೀಸರನ್ನೇ ದ್ವೇಷಿಸ್ತಾರೆ ಅನ್ನೋ ಭಯ ಅಲ್ಲೂ ಇದೆ. 2018ರಲ್ಲಿ ಸೌತ್ ಕ್ಯಾರೊಲೈನಾದ ಶಾಲೆಯೊಂದು ಬೇಸಿಗೆ ಓದಿಗೆ 'ದ ಹೇಟ್ ಯು ಗಿವ್', 'ಆಲ್ ಅಮೆರಿಕನ್ ಬಾಯ್ಸ್' ಎರಡರ ಹೆಸರೂ ಕೊಟ್ಟಾಗ ಅಲ್ಲಿನ ಪೊಲೀಸ್ ಸಂಘ ವಿರೋಧಿಸಿತು. 2020ರಲ್ಲಿ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ 10 ಪುಸ್ತಕಗಳ ಪಟ್ಟಿಯಲ್ಲೂ ಎರಡೂ ಇದ್ದವು. ಆದರೆ ಪುಸ್ತಕ ತೆರೆದು ನೋಡಿ. ಸ್ಟಾರ್‌ಳನ್ನು ಎತ್ತಾಡಿಸಿ ಬೆಳೆಸಿದ ಮಾವ ಕಾರ್ಲೋಸ್ ಪೊಲೀಸ್. ರಷಾದನ ಅಪ್ಪನೂ ಒಂದು ಕಾಲದ ಪೊಲೀಸ್, ಕಪ್ಪು ಮನುಷ್ಯ, ಮತ್ತು ಆಯುಧವೇ ಇಲ್ಲದ ಕಪ್ಪು ಹುಡುಗನ ಮೇಲೆ ತಾನೂ ಗುಂಡು ಹಾರಿಸಿದವನು. ಆ ಹುಡುಗ ಬ್ಯಾಗಿನಿಂದ ತೆಗೆಯುತ್ತಿದ್ದದ್ದು ಉಸಿರಾಟದ ಇನ್ಹೇಲರ್. ಏಟು ತಿಂದ ಮಗನ ಮುಂದೆ ಅಪ್ಪ ಇದನ್ನು ಹೇಳಿಕೊಳ್ಳುವ ಪುಟಗಳನ್ನು ಓದಿದ ಮಗುವಿಗೆ, ಭಯ ಮತ್ತು ಬಣ್ಣ ಸೇರಿದರೆ ಒಳ್ಳೆಯವರ ಕೈಯಲ್ಲೂ ಏನಾಗುತ್ತದೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಬೈಗುಳ ಇದೆ, ಡ್ರಗ್ಸ್ ಮಾತಿದೆ. ಅದಕ್ಕೇ ನೀವು ಮೊದಲು ಓದಿ. ಚಿಕ್ಕವರಿಗೆ 'ಘೋಸ್ಟ್ ಬಾಯ್ಸ್' ಕೊಡಿ, 14 ದಾಟಿದವರಿಗೆ ಉಳಿದ ಎರಡು. ಮುಗಿದ ಮೇಲೆ ಪಕ್ಕ ಕೂತು ಕೇಳಿ: ಕ್ವಿನ್ ಮೊದಲು ಸುಮ್ಮನಿದ್ದದ್ದು ಯಾಕೆ? ನೀವಾಗಿದ್ದರೆ ಏನು ಮಾಡ್ತಿದ್ರಿ ಅಂತ ಅವರು ತಿರುಗಿ ಕೇಳೇ ಕೇಳುತ್ತಾರೆ, ಅದಕ್ಕೆ ತಯಾರಾಗಿ ಕೂತುಕೊಳ್ಳಿ.